ಗ್ನೂಕ್ಯಾಶ್ ಲೆಕ್ಕವನ್ನು ಡೇಟಾಬೇಸ್‌ನಲ್ಲಿ ಇಡುವುದು ಹೇಗೆ?

ಮನೆ ಖರ್ಚು, ಸಣ್ಣ ಅಂಗಡಿ, ಅಪಾರ್ಟ್‌ಮೆಂಟ್ ಸಂಘ, ಊರಿನ ಗ್ರಂಥಾಲಯ, ಹೀಗೆ ಯಾವುದೇ ಲೆಕ್ಕವನ್ನು ಡಬಲ್ ಎಂಟ್ರಿ ಪದ್ಧತಿಯಲ್ಲಿ, ಅಂದರೆ ಪ್ರತಿ ವಹಿವಾಟನ್ನೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆದು, ಇಡಬೇಕು ಅಂತಿದ್ದರೆ ಗ್ನೂಕ್ಯಾಶ್ ಒಳ್ಳೆಯ ತಂತ್ರಾಂಶ. ಪುಕ್ಕಟೆ ಸಿಗುತ್ತದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ನೀವು ಏನೂ ಬದಲಿಸದೆ ಬಳಸಿದರೆ ಅದು ಲೆಕ್ಕವನ್ನೆಲ್ಲ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಇಡುತ್ತದೆ. 2010ರಲ್ಲಿ ಬಂದ 2.4 ಆವೃತ್ತಿಯಿಂದ ಇನ್ನೊಂದು ದಾರಿಯೂ ಇದೆ: ಅದೇ ಲೆಕ್ಕವನ್ನು ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇಡಬಹುದು.

ಇದರ ಲಾಭ ಒಂದೇ ಮಾತಿನಲ್ಲಿ ಹೇಳುವುದಾದರೆ, ತಂತ್ರಾಂಶದ ರಿಪೋರ್ಟ್‌ಗಳು ಕೊಡದ ಉತ್ತರವನ್ನು ನೀವೇ ಕೇಳಿ ಪಡೆಯಬಹುದು. ಕಳೆದ ಮೂರು ವರ್ಷಗಳಲ್ಲಿ ಪ್ರತಿ ಜೂನ್‌ನಲ್ಲಿ ಶಾಲಾ ಖರ್ಚು ಎಷ್ಟಾಯಿತು? ಯಾವ ಗಿರಾಕಿಯ ಬಾಕಿ 90 ದಿನ ದಾಟಿದೆ? ಇಂಥ ಪ್ರಶ್ನೆಗೆ ಒಂದು ಎಸ್‌ಕ್ಯೂಎಲ್ ಕ್ವೆರಿ, ಅಂದರೆ ಡೇಟಾಬೇಸ್‌ನ ಭಾಷೆಯಲ್ಲಿ ಬರೆದ ಒಂದು ಪ್ರಶ್ನೆ, ಸಾಕು. ನಿಮ್ಮ ಲೆಕ್ಕ ನಿಮ್ಮ ಕೈಯಲ್ಲೇ ಇರಬೇಕು, ಯಾವುದೋ ಒಂದು ತಂತ್ರಾಂಶದ ಹೊಟ್ಟೆಯೊಳಗೆ ಅಲ್ಲ. ಇದು ನಾನು ಗಟ್ಟಿಯಾಗಿ ನಂಬುವ ಮಾತು. ಆದರೆ ಅದರ ಜೊತೆ ಒಂದು ನಿಯಮವೂ ಇದೆ. ಡೇಟಾಬೇಸ್‌ಗೆ ಬರೆಯುವ ಹಕ್ಕು ಗ್ನೂಕ್ಯಾಶ್‌ಗೆ ಮಾತ್ರ, ನಾವು ಬರೀ ಓದಬೇಕು. ಮುಂದೆ ಹೇಳುವುದೆಲ್ಲ ಈ ನಿಯಮದ ಮೇಲೇ ನಿಂತಿದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಕೆಲವರು ತಪ್ಪು ಆಸೆಯಿಂದ ಡೇಟಾಬೇಸ್‌ಗೆ ಹೋಗುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ಡೇಟಾಬೇಸ್‌ಗೆ ಹಾಕಿದ ಕೂಡಲೇ ಇಬ್ಬರು ಒಟ್ಟಿಗೆ ಕೂತು ನಮೂದು ಮಾಡಬಹುದು ಅಂದುಕೊಳ್ಳಬೇಡಿ. ಹಿಂದೆ ಪೋಸ್ಟ್‌ಗ್ರೆಸ್ ಸರ್ವರ್ ಇದ್ದರೂ ಸರಿಯೇ, ಗ್ನೂಕ್ಯಾಶ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ವೇಗವೂ ಹೆಚ್ಚುವುದಿಲ್ಲ. ತೆರೆಯುವಾಗ ಅದು ಲೆಕ್ಕವನ್ನೆಲ್ಲ ಡೇಟಾಬೇಸ್‌ನಿಂದ ಮೆಮೊರಿಗೆ ಎಳೆದುಕೊಳ್ಳುತ್ತದೆ. ಹತ್ತಾರು ವರ್ಷದ ಲೆಕ್ಕ ಇದ್ದರೆ ತೆರೆಯಲು ಎಕ್ಸ್‌ಎಂಎಲ್‌ಗಿಂತ ಜಾಸ್ತಿ ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ.

ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಯ ಲೆಕ್ಕಕ್ಕೂ ಇದು ಸರಿಹೋಗದು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ, ಅಂದರೆ ಎಡಿಟ್ ಲಾಗ್, ಇರಲೇಬೇಕು. ಅದನ್ನು ಆಫ್ ಮಾಡಲೂ ಬರಬಾರದು. ಗ್ನೂಕ್ಯಾಶ್ ಆ ಲೆಕ್ಕಾಚಾರದಲ್ಲಿ ಮಾಡಿದ ತಂತ್ರಾಂಶವಲ್ಲ. ಅಲ್ಲಿ ಟ್ಯಾಲಿಯಂಥದ್ದೇ ಬೇಕು.

ಹಾಗಾದರೆ ಯಾರಿಗೆ? ಸ್ವಂತ ಲೆಕ್ಕ ಇಡುವವರಿಗೆ, ಸಂಘದ ಖಜಾಂಚಿಗೆ, ಮಾಲೀಕರೇ ಲೆಕ್ಕ ಬರೆಯುವ ಅಂಗಡಿಗೆ. ಜೊತೆಗೆ ಎಸ್‌ಕ್ಯೂಎಲ್ ಸ್ವಲ್ಪ ಗೊತ್ತಿರಬೇಕು, ಇಲ್ಲವೇ ಕಲಿಯುವ ಮನಸ್ಸಾದರೂ ಇರಬೇಕು. ನಿಜಕ್ಕೂ ಎಸ್‌ಕ್ಯೂಎಲ್ ಕಲಿಯಲು ನಿಮ್ಮದೇ ಮನೆಯ ಲೆಕ್ಕಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಉತ್ತರ ಸರಿಯೋ ತಪ್ಪೋ ಅಂತ ನಿಮಗೇ ಗೊತ್ತಾಗುತ್ತದೆ, ಅಲ್ವಾ?

ಮೂರರಲ್ಲಿ ಯಾವುದು?

ನನ್ನ ಸಲಹೆ ಸರಳ: ಒಂದೇ ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಎಸ್‌ಕ್ಯೂಲೈಟ್ ಆರಿಸಿಕೊಳ್ಳಿ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲ್. ಮನೆಯಲ್ಲೋ ಆಫೀಸಿನಲ್ಲೋ ಆಗಲೇ ಪೋಸ್ಟ್‌ಗ್ರೆಸ್ ಅಥವಾ ಮರಿಯಾಡಿಬಿ (ಮೈಎಸ್‌ಕ್ಯೂಎಲ್‌ನದೇ ಕವಲು) ಓಡುತ್ತಿದ್ದು, ಅದರ ಬ್ಯಾಕಪ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಮಾತ್ರ ಅತ್ತ ಹೋಗಿ. ಲೆಕ್ಕಕ್ಕೋಸ್ಕರ ಸುಮ್ನೆ ಒಂದು ಸರ್ವರ್ ಹಾಕಿ ಕೂರುವುದು ಇಲ್ಲದ ಕೆಲಸ ಮೈಮೇಲೆ ಎಳೆದುಕೊಂಡ ಹಾಗೆ.

ಸಾಗಿಸುವ ಮೊದಲು

ಗ್ನೂಕ್ಯಾಶ್‌ನಲ್ಲಿ ಈಗಿನ ಎಕ್ಸ್‌ಎಂಎಲ್ ಫೈಲ್ ತೆರೆಯಿರಿ. ಆ್ಯಕ್ಷನ್ಸ್ ಮೆನುವಿನಲ್ಲಿ ಚೆಕ್ ಅಂಡ್ ರಿಪೇರ್ ಅಂತ ಇದೆ. ಎಲ್ಲ ಖಾತೆಗಳಿಗೂ ಅದನ್ನು ಒಮ್ಮೆ ಓಡಿಸಿ. ತಾಳೆಯಾಗದ ನಮೂದು ಏನಾದರೂ ಸಿಕ್ಕರೆ ಅದು ಇಂಬ್ಯಾಲೆನ್ಸ್ ಎಂಬ ಖಾತೆಗೆ ಹೋಗಿ ಕೂರುತ್ತದೆ. ಅದನ್ನು ಈಗಲೇ ಸರಿಮಾಡಿ. ಹಳೆಯ ಕೊಳೆಯನ್ನು ಹೊಸ ಡೇಟಾಬೇಸ್‌ಗೆ ಹೊತ್ತೊಯ್ಯಬೇಡಿ.

ಆಮೇಲೆ ಇವತ್ತಿನ ತಾರೀಖಿಗೆ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿ) ರಿಪೋರ್ಟ್ ತೆಗೆದು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಸಾಗಿಸಿದ ಮೇಲೆ ಸರಿ ಬಂತೋ ಇಲ್ಲವೋ ಅಂತ ತಾಳೆ ನೋಡಲು ಇದೇ ಆಧಾರ. ಎಕ್ಸ್‌ಎಂಎಲ್ ಫೈಲಿನ ಒಂದು ನಕಲನ್ನು ಬೇರೆ ಡ್ರೈವ್‌ಗೆ ಹಾಕಿ.

ಲಿನಕ್ಸ್‌ನವರಿಗೆ ಇನ್ನೊಂದು ಕೆಲಸ ಇದೆ. ಡೆಬಿಯನ್, ಉಬುಂಟುಗಳಲ್ಲಿ ಡೇಟಾಬೇಸ್ ಡ್ರೈವರ್ ಬೇರೆ ಪ್ಯಾಕೇಜ್ ಆಗಿರುತ್ತದೆ. ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಲಿಬ್‌ಡಿಬಿಡಿ ಅಂತ ಹುಡುಕಿ. ಎಸ್‌ಕ್ಯೂಲೈಟ್3, ಮೈಎಸ್‌ಕ್ಯೂಎಲ್, ಪಿಜಿಎಸ್‌ಕ್ಯೂಎಲ್ ಅಂತ ಬೇರೆ ಬೇರೆ ಪ್ಯಾಕೇಜ್ ಕಾಣುತ್ತವೆ. ನಿಮಗೆ ಬೇಕಾದ್ದನ್ನು ಹಾಕಿಕೊಂಡು ಗ್ನೂಕ್ಯಾಶ್ ಮುಚ್ಚಿ ಮತ್ತೆ ತೆರೆಯಿರಿ. ಡ್ರೈವರ್ ಇಲ್ಲದಿದ್ದರೆ ತಂತ್ರಾಂಶ ಏನೂ ದೂರುವುದಿಲ್ಲ. ಸೇವ್ ಮಾಡುವಾಗ ಆಯ್ಕೆಗಳ ಪಟ್ಟಿಯಲ್ಲಿ ಆ ಹೆಸರೇ ಕಾಣುವುದಿಲ್ಲ, ಅಷ್ಟೆ. ತುಂಬಾ ಜನ ಇಲ್ಲೇ ಸಿಕ್ಕಿಬೀಳುತ್ತಾರೆ.

ಎಸ್‌ಕ್ಯೂಲೈಟ್‌ಗೆ ಸೇವ್ ಮಾಡುವುದು

ಫೈಲ್ ಮೆನುವಿನಲ್ಲಿ ಸೇವ್ ಆ್ಯಸ್ ಒತ್ತಿ. ಮೇಲುಗಡೆ ಡೇಟಾ ಫಾರ್ಮ್ಯಾಟ್ ಅನ್ನುವ ಜಾಗದಲ್ಲಿ ಎಕ್ಸ್‌ಎಂಎಲ್ ಅಂತ ಇರುತ್ತದೆ. ಅದನ್ನು ಎಸ್‌ಕ್ಯೂಲೈಟ್3 ಮಾಡಿ. ಫೈಲಿಗೆ ಹೊಸ ಹೆಸರು ಕೊಡಿ. ಎಕ್ಸ್‌ಎಂಎಲ್ ಆಗಲಿ ಎಸ್‌ಕ್ಯೂಲೈಟ್ ಆಗಲಿ, ಫೈಲಿನ ಬಾಲಕ್ಕೆ ಗ್ನೂಕ್ಯಾಶ್ ಅಂತಲೇ ಬರುತ್ತದೆ. ಹೊರಗಿನಿಂದ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗದು. ಹಾಗಾಗಿ ಹೆಸರಿನಲ್ಲೇ ಡಿಬಿ ಅಂತ ಸೇರಿಸಿ, ಸಾಧ್ಯವಾದರೆ ಬೇರೆ ಫೋಲ್ಡರ್‌ನಲ್ಲೇ ಇಡಿ.

ಇನ್ನು ಮುಂದೆ ಸೇವ್ ಗುಂಡಿ ಮಸುಕಾಗಿ ಕಾಣುತ್ತದೆ. ಏನೋ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಎಕ್ಸ್‌ಎಂಎಲ್‌ನಲ್ಲಿ ಬದಲಾವಣೆಗಳೆಲ್ಲ ಮೆಮೊರಿಯಲ್ಲಿದ್ದು, ನೀವು ಸೇವ್ ಒತ್ತಿದಾಗ ಇಡೀ ಫೈಲ್ ಮತ್ತೆ ಬರೆಯಲ್ಪಡುತ್ತಿತ್ತು. ಡೇಟಾಬೇಸ್‌ನಲ್ಲಿ ಹಾಗಲ್ಲ. ಒಂದು ವಹಿವಾಟು ಬರೆದು ಎಂಟರ್ ಒತ್ತಿದ ಕ್ಷಣವೇ ಅದು ಡಿಸ್ಕ್ ಸೇರುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿಯವರೆಗಿನ ನಮೂದು ಉಳಿಯುತ್ತದೆ. ಆದರೆ ಇದಕ್ಕೊಂದು ಬೆಲೆಯೂ ಇದೆ: ಸೇವ್ ಮಾಡದೆ ಮುಚ್ಚಿ ಹಳೆಯ ಸ್ಥಿತಿಗೆ ಹೋಗುವ ದಾರಿ ಈಗ ಇಲ್ಲ. ತಪ್ಪಾಗಿ ಅಳಿಸಿದರೆ ಅಳಿಸಿಯೇ ಹೋಯಿತು. ಬ್ಯಾಂಕ್ ಸ್ಟೇಟ್‌ಮೆಂಟ್ ಇಂಪೋರ್ಟ್ ಮಾಡುವಂಥ ದೊಡ್ಡ ಕೆಲಸಕ್ಕೆ ಮುಂಚೆ ಫೈಲಿನ ನಕಲು ಮಾಡಿಕೊಳ್ಳುವುದು ಅಭ್ಯಾಸವಾಗಬೇಕು.

ಈಗ ಟ್ರಯಲ್ ಬ್ಯಾಲೆನ್ಸ್ ಮತ್ತೆ ತೆಗೆಯಿರಿ. ಮೊದಲಿನ ಪಿಡಿಎಫ್ ಜೊತೆ ಸಾಲು ಸಾಲಾಗಿ ಹೋಲಿಸಿ. ಮೊತ್ತ ಒಂದೇ ಬಂದರೆ ಸಾಲದು, ಪ್ರತಿ ಖಾತೆಯ ಶಿಲ್ಕು ಒಂದೇ ಬರಬೇಕು.

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಬೇಕೇಬೇಕು ಅನ್ನುವವರಿಗೆ

ದಾರಿ ಅದೇ. ಫೈಲಿನ ಹೆಸರಿನ ಬದಲು ಹೋಸ್ಟ್, ಡೇಟಾಬೇಸ್, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಸರ್ವರ್ ಅದೇ ಕಂಪ್ಯೂಟರಿನಲ್ಲಿದ್ದರೆ ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಸಾಕು. ಡೇಟಾಬೇಸ್ ಸೃಷ್ಟಿಸುವ ಅನುಮತಿ ಆ ಬಳಕೆದಾರರಿಗೆ ಇದ್ದರೆ ಗ್ನೂಕ್ಯಾಶ್ ತಾನೇ ಡೇಟಾಬೇಸ್ ಮಾಡಿಕೊಳ್ಳುತ್ತದೆ. ನಾನು ಕೈಯಿಂದಲೇ ಖಾಲಿ ಡೇಟಾಬೇಸ್ ಮಾಡಿಟ್ಟು, ಲೆಕ್ಕಕ್ಕೆಂದೇ ಒಬ್ಬ ಬಳಕೆದಾರನನ್ನು ಸೇರಿಸಿ, ಆ ಒಂದು ಡೇಟಾಬೇಸ್‌ಗೆ ಮಾತ್ರ ಹಕ್ಕು ಕೊಡುವುದನ್ನು ಮೆಚ್ಚುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸ್ ಹೆಸರು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಇರಲಿ. ದೊಡ್ಡಕ್ಷರ ಬೆರೆಸಿದರೆ ಗ್ನೂಕ್ಯಾಶ್ ಅದನ್ನು ಸಣ್ಣದು ಮಾಡಿಯೇ ಹುಡುಕುತ್ತದೆ, ನೀವು ಮಾಡಿಟ್ಟ ಡೇಟಾಬೇಸ್ ಅದಕ್ಕೆ ಸಿಗುವುದಿಲ್ಲ.

ಖಾತೆಗಳ ಹೆಸರು ಕನ್ನಡದಲ್ಲಿದ್ದರೆ ಎನ್‌ಕೋಡಿಂಗ್, ಅಂದರೆ ಡೇಟಾಬೇಸ್ ಅಕ್ಷರಗಳನ್ನು ಇಡುವ ಪದ್ಧತಿ, ನೋಡಿಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ಯುಟಿಎಫ್8, ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8ಎಂಬಿ4. ಲ್ಯಾಟಿನ್1 ಡೇಟಾಬೇಸ್‌ನಲ್ಲಿ ಕನ್ನಡ ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಸಿಗಬಹುದು. ಒಮ್ಮೆ ಹಾಗೆ ಸೇರಿದ ಅಕ್ಷರ ಮತ್ತೆ ಬರುವುದಿಲ್ಲ. ವಿಂಗಡಣೆಯಲ್ಲೂ ಒಂದು ಸಣ್ಣ ವಿಷಯ ಇದೆ. ಯುನಿಕೋಡ್ ಸಂಖ್ಯೆಯ ಕ್ರಮದಲ್ಲಿ ‘ಳ’ ಬರುವುದು ‘ಲ’ ಆದ ಕೂಡಲೇ, ನಮ್ಮ ವರ್ಣಮಾಲೆಯ ಹಾಗೆ ಕೊನೆಯಲ್ಲಲ್ಲ. ಎಸ್‌ಕ್ಯೂಲೈಟ್ ಈ ಕ್ರಮವನ್ನೇ ಹಿಡಿಯುತ್ತದೆ. ಪಟ್ಟಿ ಸ್ವಲ್ಪ ಹಿಂದೆ ಮುಂದೆ ಕಂಡರೆ ಕಾರಣ ಅದು.

ಒಳಗೆ ಏನಿದೆ?

ಈಗ ಸ್ವಾರಸ್ಯದ ಭಾಗ. ಎಸ್‌ಕ್ಯೂಲೈಟ್ ಫೈಲಿನ ಒಂದು ನಕಲು ಮಾಡಿ, ಆ ನಕಲನ್ನು ಡಿಬಿ ಬ್ರೌಸರ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ತೆರೆಯಿರಿ. ಟೇಬಲ್‌ಗಳ ಉದ್ದನೆಯ ಪಟ್ಟಿ ಕಾಣುತ್ತದೆ. ಎಲ್ಲವನ್ನೂ ನೋಡಿ ಕಂಗಾಲಾಗಬೇಕಿಲ್ಲ. ಮುಕ್ಕಾಲು ಪಾಲು ಕೆಲಸ ಮೂರೇ ಟೇಬಲ್‌ಗಳಲ್ಲಿ ಮುಗಿಯುತ್ತದೆ: ಅಕೌಂಟ್ಸ್, ಟ್ರಾನ್ಸಾಕ್ಷನ್ಸ್, ಸ್ಪ್ಲಿಟ್ಸ್.

ಅಕೌಂಟ್ಸ್‌ನಲ್ಲಿ ಖಾತೆಗಳಿವೆ. ಪ್ರತಿ ಖಾತೆಗೂ 32 ಅಕ್ಷರದ ಒಂದು ಗುರುತು ಸಂಖ್ಯೆ, ಅಂದರೆ ಜಿಯುಐಡಿ. ಹೆಸರು, ಬಗೆ, ಮತ್ತು ಅದು ಯಾವ ಖಾತೆಯ ಕೆಳಗೆ ಬರುತ್ತದೆ ಅನ್ನುವುದನ್ನು ಹೇಳುವ ಪೇರೆಂಟ್ ಜಿಯುಐಡಿ ಕೂಡ ಇರುತ್ತವೆ. ಟ್ರಾನ್ಸಾಕ್ಷನ್ಸ್‌ನಲ್ಲಿ ವಹಿವಾಟಿನ ತಾರೀಖು, ನಮೂದು ಮಾಡಿದ ಸಮಯ, ವಿವರಣೆ ಇವೆ. ಹಣದ ಮೊತ್ತ ಅಲ್ಲಿ ಇಲ್ಲ. ಹಣ ಇರುವುದು ಸ್ಪ್ಲಿಟ್ಸ್‌ನಲ್ಲಿ.

ಒಂದು ಉದಾಹರಣೆ ನೋಡೋಣ. ಅಂಗಡಿಯಲ್ಲಿ 1,250.50 ರೂಪಾಯಿ ಬಿಲ್ ಆಯಿತು. ಅದರಲ್ಲಿ 1,000.50 ದಿನಸಿಗೆ, 250 ಸೋಪು, ಫಿನಾಯಿಲ್‌ಗೆ. ಹಣ ಬ್ಯಾಂಕ್ ಖಾತೆಯಿಂದ ಹೋಯಿತು. ಟ್ರಾನ್ಸಾಕ್ಷನ್ಸ್‌ನಲ್ಲಿ ಇದಕ್ಕೆ ಒಂದು ಸಾಲು, ಸ್ಪ್ಲಿಟ್ಸ್‌ನಲ್ಲಿ ಮೂರು ಸಾಲು. ದಿನಸಿ ಖಾತೆಗೆ 100050, ಮನೆ ಸಾಮಾನು ಖಾತೆಗೆ 25000, ಬ್ಯಾಂಕ್ ಖಾತೆಗೆ ಮೈನಸ್ 125050. ಈ ಅಂಕಿಗಳು ವ್ಯಾಲ್ಯೂ ನಮ್ ಅನ್ನುವ ಕಾಲಂನಲ್ಲಿರುತ್ತವೆ. ಪಕ್ಕದ ವ್ಯಾಲ್ಯೂ ಡೆನಾಮ್ ಕಾಲಂನಲ್ಲಿ ಮೂರಕ್ಕೂ 100. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ರೂಪಾಯಿ. ಮೂರೂ ಕೂಡಿಸಿದರೆ ಸೊನ್ನೆ. ಡೆಬಿಟ್ ಇದ್ದಷ್ಟೇ ಕ್ರೆಡಿಟ್ ಇರಬೇಕು ಅನ್ನುವ ಡಬಲ್ ಎಂಟ್ರಿಯ ಮೂಲ ಸೂತ್ರ ಟೇಬಲ್‌ನಲ್ಲಿ ಹೀಗೆ ಕಣ್ಣಿಗೆ ಕಾಣುತ್ತದೆ. ಡೆಬಿಟ್ ಪ್ಲಸ್, ಕ್ರೆಡಿಟ್ ಮೈನಸ್.

ಮೊತ್ತವನ್ನು ನೇರವಾಗಿ 1250.50 ಅಂತ ಇಡಬಹುದಿತ್ತಲ್ಲ, ಈ ಸುತ್ತುದಾರಿ ಯಾಕೆ? ಕಂಪ್ಯೂಟರ್ ದಶಮಾಂಶಗಳನ್ನು ಸಾಮಾನ್ಯವಾಗಿ ಎರಡರ ಪದ್ಧತಿಯಲ್ಲಿ ಇಡುತ್ತದೆ. ಅಲ್ಲಿ 0.1 ಅನ್ನುವ ಸಂಖ್ಯೆಯನ್ನು ಪೂರ್ತಿ ನಿಖರವಾಗಿ ಇಡಲು ಬರುವುದಿಲ್ಲ. 0.1ಕ್ಕೆ 0.2 ಕೂಡಿಸಿ, 0.3 ಬಂತಾ ಅಂತ ಕೇಳಿದರೆ ಹೆಚ್ಚಿನ ಕಂಪ್ಯೂಟರ್ ಭಾಷೆಗಳು ಇಲ್ಲ ಅನ್ನುತ್ತವೆ. ಸಾವಿರಾರು ನಮೂದು ಕೂಡಿಸುವಾಗ ಈ ಚೂರುಪಾರು ವ್ಯತ್ಯಾಸ ಪೈಸೆಯಾಗಿ ಬೆಳೆಯಬಹುದು. ಲೆಕ್ಕದಲ್ಲಿ ಒಂದು ಪೈಸೆ ತಾಳೆಯಾಗದಿದ್ದರೂ ನಿದ್ದೆ ಬರದವರು ನಮ್ಮಲ್ಲಿ ಇದ್ದಾರೆ, ಇರಲೂಬೇಕು. ಪೂರ್ಣಾಂಕಗಳಲ್ಲಿ ಇಟ್ಟರೆ ಆ ತೊಂದರೆಯೇ ಇಲ್ಲ.

ಸ್ಪ್ಲಿಟ್ಸ್‌ನಲ್ಲಿ ವ್ಯಾಲ್ಯೂ ಜೊತೆಗೆ ಕ್ವಾಂಟಿಟಿ ಅಂತ ಇನ್ನೊಂದು ಜೋಡಿ ಕಾಲಂ ಇದೆ. ರೂಪಾಯಿ ಖಾತೆಗಳಲ್ಲಿ ಎರಡೂ ಒಂದೇ. ಮ್ಯೂಚುಯಲ್ ಫಂಡ್ ಖಾತೆಯಲ್ಲಿ ಬೇರೆ ಬೇರೆ. 5,000 ರೂಪಾಯಿ ಹಾಕಿ 41.237 ಯೂನಿಟ್ ಬಂದರೆ ವ್ಯಾಲ್ಯೂ 500000 ಭಾಗ 100, ಕ್ವಾಂಟಿಟಿ 41237 ಭಾಗ 1000. ಯೂನಿಟ್ ಎಷ್ಟಿದೆ ಅಂತ ಕೇಳಬೇಕಾದಾಗ ಕ್ವಾಂಟಿಟಿ ಕೂಡಿಸಿ, ಎಷ್ಟು ಹಣ ಹಾಕಿದೆ ಅಂದರೆ ವ್ಯಾಲ್ಯೂ ಕೂಡಿಸಿ. ವಿದೇಶದಲ್ಲಿದ್ದು ಡಾಲರ್ ಖಾತೆಯನ್ನೂ ರೂಪಾಯಿ ಖಾತೆಯನ್ನೂ ಒಂದೇ ಪುಸ್ತಕದಲ್ಲಿ ಇಡುವವರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ.

ಮೊದಲ ಕ್ವೆರಿ, ಮತ್ತು ಅದರಲ್ಲಿ ಎಡವುವ ಜಾಗಗಳು

ಮೊದಲ ಕ್ವೆರಿಯಾಗಿ ತಾಳೆ ನೋಡುವುದನ್ನೇ ಮಾಡಿ. ಸ್ಪ್ಲಿಟ್ಸ್ ಟೇಬಲ್ ತೆಗೆದುಕೊಂಡು, ಟಿಎಕ್ಸ್ ಜಿಯುಐಡಿ (ಆ ಸಾಲು ಯಾವ ವಹಿವಾಟಿನದು ಅಂತ ಹೇಳುವ ಕಾಲಂ) ಪ್ರಕಾರ ಗ್ರೂಪ್ ಬೈ ಮಾಡಿ, ವ್ಯಾಲ್ಯೂಗಳನ್ನು ಕೂಡಿಸಿ, ಮೊತ್ತ ಸೊನ್ನೆಯಲ್ಲದ ಗುಂಪುಗಳನ್ನು ಮಾತ್ರ ತೋರಿಸು ಅಂತ ಹ್ಯಾವಿಂಗ್ ಷರತ್ತು ಹಾಕಿ. ಒಂದೂ ಸಾಲು ಬರಬಾರದು. ಬಂದರೆ ಆ ವಹಿವಾಟನ್ನು ಗ್ನೂಕ್ಯಾಶ್‌ನಲ್ಲಿ ತೆರೆದು ನೋಡಿ.

ಎರಡನೆಯದು ಖಾತೆವಾರು ಮೊತ್ತ. ಸ್ಪ್ಲಿಟ್ಸ್ ಅನ್ನು ಅಕೌಂಟ್ಸ್ ಜೊತೆ ಅಕೌಂಟ್ ಜಿಯುಐಡಿ ಮೂಲಕ, ಟ್ರಾನ್ಸಾಕ್ಷನ್ಸ್ ಜೊತೆ ಟಿಎಕ್ಸ್ ಜಿಯುಐಡಿ ಮೂಲಕ ಜಾಯಿನ್ ಮಾಡಿ, ತಾರೀಖಿನ ಮಿತಿ ಹಾಕಿ, ಖಾತೆವಾರು ಕೂಡಿಸಿ. ಕೇಳಲು ಸುಲಭ, ಆದರೆ ಇಲ್ಲಿ ಎಡವುವ ಕಲ್ಲುಗಳು ಹಲವು.

ಪೈಸೆ ಮಾಯವಾಗುವುದು ಒಂದು. ಎಸ್‌ಕ್ಯೂಲೈಟ್‌ನಲ್ಲೂ ಪೋಸ್ಟ್‌ಗ್ರೆಸ್‌ನಲ್ಲೂ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ. 125050ನ್ನು 100ರಿಂದ ಭಾಗಿಸಿದರೆ 1250 ಬರುತ್ತದೆ, 50 ಪೈಸೆ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಹೀಗಾಗುವುದಿಲ್ಲ. ಮೊದಲು ಕೂಡಿಸಿ ಕೊನೆಗೆ ಒಮ್ಮೆ ಮಾತ್ರ 100.0 ದಿಂದ ಭಾಗಿಸುವುದು ಸುರಕ್ಷಿತ. ಹಾಗೆ ಮಾಡಲು ಆ ಖಾತೆಯ ಎಲ್ಲ ಸಾಲಿನಲ್ಲೂ ಡೆನಾಮ್ 100 ಇರಬೇಕು, ಅದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ನ್ಯೂಮೆರಿಕ್ ಬಗೆಗೆ ಬದಲಿಸಿ ಭಾಗಿಸಿದರೂ ಆಯಿತು.

ಎರಡನೆಯದು ತಾರೀಖು. ಭಾರತದಲ್ಲಿ ಲೆಕ್ಕ ಇಡುವವರು ಇದನ್ನು ಗಮನವಿಟ್ಟು ಓದಿ. ಗ್ನೂಕ್ಯಾಶ್ ತಾರೀಖನ್ನು ಸಮಯದ ಜೊತೆಗೆ, ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಇಡುತ್ತದೆ. ಈಗಿನ ಆವೃತ್ತಿಗಳು ಎಲ್ಲ ವಹಿವಾಟಿಗೂ ಬೆಳಿಗ್ಗೆ 10:59 ಅಂತ ಹಾಕುತ್ತವೆ. ಜಗತ್ತಿನ ಹೆಚ್ಚುಕಮ್ಮಿ ಎಲ್ಲ ಕಡೆ ಆ ಹೊತ್ತಿಗೆ ಅದೇ ತಾರೀಖು ಇರುತ್ತದೆ, ಅದಕ್ಕೇ. ಹಳೆಯ ಆವೃತ್ತಿಗಳು ಮಾತ್ರ ನಿಮ್ಮೂರಿನ ಮಧ್ಯರಾತ್ರಿಯನ್ನು ಯುಟಿಸಿಗೆ ಬದಲಿಸಿ ಇಡುತ್ತಿದ್ದವು. ನಮ್ಮ ಗಡಿಯಾರ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಏಪ್ರಿಲ್ 1ರ ನಮೂದು ಡೇಟಾಬೇಸ್‌ನಲ್ಲಿ ಮಾರ್ಚ್ 31, 18:30 ಅಂತ ಕೂತಿರುತ್ತದೆ. ಆರ್ಥಿಕ ವರ್ಷದ ಲೆಕ್ಕ ತೆಗೆಯುವಾಗ ಇದರ ಪರಿಣಾಮ ಏನು ಅಂತ ಯೋಚಿಸಿ. ಹೊಸ ವರ್ಷದ ಮೊದಲ ದಿನದ ವ್ಯಾಪಾರವೆಲ್ಲ ಹಿಂದಿನ ವರ್ಷಕ್ಕೆ ಹೋಗಿಬಿಡುತ್ತದೆ! ಗ್ನೂಕ್ಯಾಶ್ ಪರದೆಯಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ, ತಪ್ಪುವುದು ನಿಮ್ಮ ಕ್ವೆರಿ ಮಾತ್ರ.

ಪರಿಹಾರ ಸುಲಭ. ಎಸ್‌ಕ್ಯೂಲೈಟ್‌ನಲ್ಲಾಗಲಿ ಪೋಸ್ಟ್‌ಗ್ರೆಸ್‌ನಲ್ಲಾಗಲಿ, ವಹಿವಾಟಿನ ತಾರೀಖು ಇರುವ ಪೋಸ್ಟ್ ಡೇಟ್ ಕಾಲಂಗೆ ಐದೂವರೆ ಗಂಟೆ ಕೂಡಿಸಿ, ಆಮೇಲೆ ತಾರೀಖಿನ ಭಾಗವನ್ನಷ್ಟೇ ತೆಗೆದುಕೊಳ್ಳಿ. ಹಳೆಯ 18:30 ಇದ್ದದ್ದು ಮರುದಿನದ 00:00 ಆಗುತ್ತದೆ, ಹೊಸ 10:59 ಇದ್ದದ್ದು ಅದೇ ದಿನದ 16:29 ಆಗುತ್ತದೆ. ಎರಡೂ ಸರಿಯಾದ ದಿನಕ್ಕೇ ಬಂದು ನಿಲ್ಲುತ್ತವೆ. ಹಳೆಯದು ಹೊಸದು ಬೆರೆತ ಪುಸ್ತಕಕ್ಕೂ ಇದೇ ಮದ್ದು. ಅಮೆರಿಕದಲ್ಲಿ ಕೂತು ಲೆಕ್ಕ ಬರೆದವರಿಗೆ ಈ ತೊಂದರೆ ಇಲ್ಲ. ಅಲ್ಲಿನ ಮಧ್ಯರಾತ್ರಿ ಯುಟಿಸಿಯಲ್ಲಿ ಅದೇ ತಾರೀಖಿನ ಬೆಳಗಾಗಿರುತ್ತದೆ. ಏನೇ ಇರಲಿ, ಕ್ವೆರಿ ಬರೆಯುವ ಮುಂಚೆ ಪೋಸ್ಟ್ ಡೇಟ್ ಕಾಲಂನ ಹತ್ತಾರು ಸಾಲು ಕಣ್ಣಾರೆ ನೋಡಿ. ಮೈಎಸ್‌ಕ್ಯೂಎಲ್‌ನವರಂತೂ ನೋಡಲೇಬೇಕು.

ಹೆಸರಿನ ಗೊಂದಲ ಇನ್ನೊಂದು. ಮನೆಯ ಕೆಳಗೂ ‘ವಿದ್ಯುತ್’, ಅಂಗಡಿಯ ಕೆಳಗೂ ‘ವಿದ್ಯುತ್’ ಅನ್ನುವ ಖಾತೆ ಇರಬಹುದು. ಹೆಸರಿನ ಪ್ರಕಾರ ಗುಂಪು ಮಾಡಿದರೆ ಎರಡೂ ಸೇರಿಹೋಗುತ್ತವೆ. ಯಾವಾಗಲೂ ಜಿಯುಐಡಿ ಪ್ರಕಾರ ಗುಂಪು ಮಾಡಿ, ಹೆಸರನ್ನು ತೋರಿಸಲು ಮಾತ್ರ ಬಳಸಿ. ಪೂರ್ತಿ ದಾರಿ, ಅಂದರೆ ಖರ್ಚು, ಅದರಡಿ ಅಂಗಡಿ, ಅದರಡಿ ವಿದ್ಯುತ್ ಅಂತ ಬೇಕಿದ್ದರೆ ಪೇರೆಂಟ್ ಜಿಯುಐಡಿ ಹಿಡಿದು ಹತ್ತುತ್ತಾ ಹೋಗಬೇಕು. ಅದಕ್ಕೆ ವಿತ್ ರಿಕರ್ಸಿವ್ ಎನ್ನುವ ಕ್ವೆರಿ ಇದೆ. ಮೂರೂ ಡೇಟಾಬೇಸ್‌ಗಳಲ್ಲಿ ನಡೆಯುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ ಮಾತ್ರ 8.0 ಆವೃತ್ತಿಯಾದರೂ ಬೇಕು.

ಮರದ ತುದಿಗೆ ಹೋದಾಗ ಒಂದಲ್ಲ, ಎರಡು ಬೇರು ಸಿಗುತ್ತವೆ. ಒಂದು ರೂಟ್ ಅಕೌಂಟ್, ನಿಮ್ಮ ನಿಜವಾದ ಖಾತೆಗಳೆಲ್ಲ ಅದರಡಿ. ಇನ್ನೊಂದು ಟೆಂಪ್ಲೇಟ್ ರೂಟ್. ಪ್ರತಿ ತಿಂಗಳ ಬಾಡಿಗೆಯ ಹಾಗೆ ತಾನಾಗಿ ಬರುವ ನಮೂದುಗಳ ಅಚ್ಚು ಅದರ ಕೆಳಗಿರುತ್ತದೆ. ವಹಿವಾಟುಗಳನ್ನು ಎಣಿಸುವಾಗ ಆ ಅಚ್ಚುಗಳನ್ನು ಹೊರಗಿಡಿ.

ಜಿಎಸ್‌ಟಿ ತಿಂಗಳ ಲೆಕ್ಕ

ಇಷ್ಟು ಗೊತ್ತಾದ ಮೇಲೆ ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ಕ್ವೆರಿ ನೋಡೋಣ. ಅಂಗಡಿಯವರು ಜಿಎಸ್‌ಟಿಯ ಕೇಂದ್ರ, ರಾಜ್ಯ ಪಾಲುಗಳಾದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಗಳನ್ನು ಬೇರೆ ಬೇರೆ ಖಾತೆಯಾಗಿ ಇಟ್ಟಿರಬೇಕು. ಮಾರಾಟದ್ದು ಔಟ್‌ಪುಟ್, ಖರೀದಿಯದ್ದು ಇನ್‌ಪುಟ್. ಶೇಕಡಾ 18 ತೆರಿಗೆಯ 10,000 ರೂಪಾಯಿ ಮಾಲು ಉದ್ರಿ ಕೊಟ್ಟಿರಿ ಅನ್ನಿ. ಗಿರಾಕಿಯ ಖಾತೆಗೆ ಪ್ಲಸ್ 11,800, ಮಾರಾಟಕ್ಕೆ ಮೈನಸ್ 10,000, ಔಟ್‌ಪುಟ್ ಸಿಜಿಎಸ್‌ಟಿಗೆ ಮೈನಸ್ 900, ಔಟ್‌ಪುಟ್ ಎಸ್‌ಜಿಎಸ್‌ಟಿಗೆ ಮೈನಸ್ 900. ಸ್ಪ್ಲಿಟ್ಸ್‌ನಲ್ಲಿ ನಾಲ್ಕು ಸಾಲು.

ತೆರಿಗೆ ಖಾತೆಗಳ ಜಿಯುಐಡಿಗಳನ್ನು ಷರತ್ತಿನಲ್ಲಿ ಹಾಕಿ, ಐದೂವರೆ ಗಂಟೆ ಕೂಡಿಸಿದ ತಾರೀಖಿನಿಂದ ವರ್ಷ ಮತ್ತು ತಿಂಗಳನ್ನು ತೆಗೆದು, ತಿಂಗಳು ಮತ್ತು ಖಾತೆ ಎರಡರ ಪ್ರಕಾರ ಗುಂಪು ಮಾಡಿ ಕೂಡಿಸಿ. ಮೈನಸ್ ಬಂದದ್ದು ನೀವು ವಸೂಲು ಮಾಡಿದ್ದು, ಪ್ಲಸ್ ಬಂದದ್ದು ನೀವು ಕೊಟ್ಟದ್ದು. ಜಿಎಸ್‌ಟಿಆರ್ 3ಬಿ ರಿಟರ್ನ್ ತುಂಬುವ ಮುಂಚೆ ಪೋರ್ಟಲ್‌ನಲ್ಲಿರುವ ಅಂಕಿಯ ಪಕ್ಕ ಇದನ್ನಿಟ್ಟು ನೋಡಿದರೆ ಬಿಟ್ಟುಹೋದ ಬಿಲ್ ತಕ್ಷಣ ಕಣ್ಣಿಗೆ ಬೀಳುತ್ತದೆ. ತೆರಿಗೆ ಕಟ್ಟಿದ ನಮೂದು ಕೂಡ ಇದೇ ಖಾತೆಗಳಿಗೆ ಬಿದ್ದಿರುತ್ತದೆ, ಅದನ್ನು ಬೇರೆಯಾಗಿ ತೋರಿಸಲು ಮರೆಯಬೇಡಿ. ಕ್ವೆರಿಯನ್ನು ಒಂದು ಪಠ್ಯ ಫೈಲಿನಲ್ಲಿ ಬರೆದಿಟ್ಟುಕೊಂಡರೆ ಪ್ರತಿ ತಿಂಗಳೂ ಅದೇ.

ಎಸ್‌ಕ್ಯೂಎಲ್‌ಗಿಂತ ಪೈಥಾನ್ ಇಷ್ಟ ಅನ್ನುವವರಿಗೆ ಪೈಕ್ಯಾಶ್ ಎಂಬ ಲೈಬ್ರರಿ ಇದೆ. ಡೇಟಾಬೇಸ್‌ನಲ್ಲಿರುವ ಗ್ನೂಕ್ಯಾಶ್ ಪುಸ್ತಕವನ್ನು ಅದು ನೇರವಾಗಿ ಓದುತ್ತದೆ.

ಬರೆಯುವ ಕೈ ಒಂದೇ ಇರಲಿ

ಒಂದು ಖಾತೆಯ ಹೆಸರು ತಪ್ಪಾಗಿದೆ, ಇಲ್ಲೇ ಒಂದು ಅಪ್‌ಡೇಟ್ ಹೊಡೆದುಬಿಡೋಣ ಅಂತ ಆಸೆಯಾಗುತ್ತದೆ. ಬೇಡ. ಗ್ನೂಕ್ಯಾಶ್ ತನ್ನ ಟೇಬಲ್‌ಗಳ ನಡುವೆ ಫಾರಿನ್ ಕೀ ಹಾಕಿಲ್ಲ. ಅಂದರೆ ಒಂದು ಖಾತೆಯ ಸಾಲನ್ನು ನೀವು ಅಳಿಸಿದರೆ ಡೇಟಾಬೇಸ್ ತಡೆಯುವುದಿಲ್ಲ. ಆ ಖಾತೆಯನ್ನು ನಂಬಿದ ಸ್ಪ್ಲಿಟ್‌ಗಳು ಅನಾಥವಾಗಿ ಉಳಿಯುತ್ತವೆ. ಯಾವುದು ಯಾವುದಕ್ಕೆ ಸೇರಿದ್ದು ಅನ್ನುವ ಜವಾಬ್ದಾರಿ ಪೂರ್ತಿ ತಂತ್ರಾಂಶದ್ದೇ. ಜೊತೆಗೆ ಸ್ಲಾಟ್ಸ್ ಎಂಬ ಟೇಬಲ್‌ನಲ್ಲಿ ಟಿಪ್ಪಣಿ ಮುಂತಾದ ಹೆಚ್ಚುವರಿ ಮಾಹಿತಿ ಹರಡಿಕೊಂಡಿರುತ್ತದೆ, ಕೈಯಿಂದ ಸೇರಿಸಿದ ವಹಿವಾಟಿಗೆ ಅವೆಲ್ಲ ಸಿಗುವುದಿಲ್ಲ. ಗ್ನೂಕ್ಯಾಶ್ ತೆರೆದಿರುವಾಗ ತಿದ್ದಿದರೆ ಇನ್ನೂ ಕಷ್ಟ. ಅದರ ಮೆಮೊರಿಯಲ್ಲಿ ಹಳೆಯದೇ ಇರುತ್ತದೆ, ನಿಮ್ಮ ತಿದ್ದುಪಡಿ ಅದಕ್ಕೆ ಕಾಣದು.

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಬಳಸುವವರು ಸೆಲೆಕ್ಟ್ ಹಕ್ಕು ಮಾತ್ರ ಇರುವ ಇನ್ನೊಬ್ಬ ಬಳಕೆದಾರನನ್ನು ಮಾಡಿ, ಕ್ವೆರಿಗಳನ್ನೆಲ್ಲ ಆ ಹೆಸರಲ್ಲೇ ಓಡಿಸಿ. ಆಗ ಕೈ ತಪ್ಪಿದರೂ ಅನಾಹುತ ಆಗದು. ಎಸ್‌ಕ್ಯೂಲೈಟ್‌ನವರಿಗೆ ನಕಲಿನ ಮೇಲೆ ಕೆಲಸ ಮಾಡುವುದೇ ರಕ್ಷೆ. ನಿಮ್ಮದೇ ವ್ಯೂಗಳನ್ನು (ಹೆಸರಿಟ್ಟು ಉಳಿಸಿದ ಕ್ವೆರಿಗಳನ್ನು) ಆ ಡೇಟಾಬೇಸ್ ಒಳಗೆ ಕಟ್ಟಬೇಡಿ. ಆವೃತ್ತಿ ಬದಲಾದಾಗ ಗ್ನೂಕ್ಯಾಶ್ ಟೇಬಲ್‌ಗಳನ್ನು ಹೊಸದಾಗಿ ಕಟ್ಟಬಹುದು, ಆಗ ನಿಮ್ಮ ವ್ಯೂ ಅಡ್ಡ ಬರುತ್ತದೆ.

ಎಸ್‌ಕ್ಯೂಲೈಟ್ ಫೈಲನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳ ಸಿಂಕ್ ಫೋಲ್ಡರ್‌ನಲ್ಲಿಟ್ಟು ಅಲ್ಲಿಂದಲೇ ತೆರೆಯುವವರು ಇದ್ದಾರೆ. ಅರ್ಧ ಬರೆದ ಫೈಲ್ ಮೇಲಕ್ಕೆ ಹೋಗುವ ಅಪಾಯ ಇದೆ. ಅಲ್ಲಿಗೆ ಮುಚ್ಚಿದ ಫೈಲಿನ ನಕಲನ್ನು ಮಾತ್ರ ಕಳಿಸಿ.

ಬೀಗ ಬಿದ್ದಿದೆ ಅಂದಾಗ

ಗ್ನೂಕ್ಯಾಶ್ ತೆರೆದಾಗಲೆಲ್ಲ ಜಿಎನ್‌ಸಿ ಲಾಕ್ ಎಂಬ ಟೇಬಲ್‌ನಲ್ಲಿ ಕಂಪ್ಯೂಟರಿನ ಹೆಸರು ಮತ್ತು ಪ್ರೋಸೆಸ್ ಸಂಖ್ಯೆ ಬರೆದಿಡುತ್ತದೆ, ಮುಚ್ಚುವಾಗ ಅಳಿಸುತ್ತದೆ. ಕಂಪ್ಯೂಟರ್ ದಿಢೀರನೆ ನಿಂತರೆ ಆ ಸಾಲು ಉಳಿದುಬಿಡುತ್ತದೆ. ಮುಂದಿನ ಸಲ ಬೀಗ ಸಿಗಲಿಲ್ಲ ಅನ್ನುವ ಎಚ್ಚರಿಕೆ ಬರುತ್ತದೆ. ಬೇರೆ ಯಾರೂ, ಬೇರೆ ಯಾವ ಕಂಪ್ಯೂಟರಿನಲ್ಲೂ ಪುಸ್ತಕ ತೆರೆದಿಲ್ಲ ಅಂತ ಖಚಿತವಾದರೆ ಓಪನ್ ಎನಿವೇ ಒತ್ತಬಹುದು. ಸಂಶಯ ಇದ್ದರೆ ಆ ಟೇಬಲ್ ತೆರೆದು ಯಾರ ಹೆಸರಿದೆ ಅಂತ ನೋಡಿ, ಅವರನ್ನೇ ಕೇಳಿ.

ಬ್ಯಾಕಪ್

ಎಕ್ಸ್‌ಎಂಎಲ್ ಬಳಸುವಾಗ ಪ್ರತಿ ಸೇವ್‌ಗೂ ತಾರೀಖು ಹಾಕಿದ ಹಳೆಯ ನಕಲು ಫೋಲ್ಡರ್‌ನಲ್ಲಿ ಉಳಿಯುತ್ತಿತ್ತು. ಎಷ್ಟೋ ಜನರನ್ನು ಕಾಪಾಡಿದ್ದು ಆ ನಕಲುಗಳೇ. ಡೇಟಾಬೇಸ್‌ಗೆ ಬಂದ ಮೇಲೆ ಆ ಅನುಕೂಲದ ಮೇಲೆ ಭರವಸೆ ಇಡುವಂತಿಲ್ಲ. ಬ್ಯಾಕಪ್ ನಿಮ್ಮ ಹೊಣೆ.

ಎಸ್‌ಕ್ಯೂಲೈಟ್ ಆದರೆ ಗ್ನೂಕ್ಯಾಶ್ ಮುಚ್ಚಿ ಫೈಲ್ ನಕಲು ಮಾಡಿ, ಹೆಸರಿಗೆ ತಾರೀಖು ಸೇರಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಡಂಪ್, ಮೈಎಸ್‌ಕ್ಯೂಎಲ್‌ನಲ್ಲಿ ಮೈಎಸ್‌ಕ್ಯೂಎಲ್ ಡಂಪ್ ಎಂಬ ನಕಲು ತೆಗೆಯುವ ಸಾಧನಗಳಿವೆ, ದಿನಾ ರಾತ್ರಿ ತಾನಾಗಿ ಓಡುವಂತೆ ಇಡಿ. ನೀವು ಹೊಂದಿಸಿಕೊಂಡ ರಿಪೋರ್ಟ್‌ಗಳು ಡೇಟಾಬೇಸ್‌ನಲ್ಲಿ ಇರುವುದಿಲ್ಲ, ನಿಮ್ಮ ಹೋಮ್ ಫೋಲ್ಡರಿನ ಗ್ನೂಕ್ಯಾಶ್ ಡೈರೆಕ್ಟರಿಯಲ್ಲಿರುತ್ತವೆ. ಅದನ್ನೂ ಸೇರಿಸಿಕೊಳ್ಳಿ.

ಮಾರ್ಚ್ 31 ದಾಟಿ ಆ ವರ್ಷದ ನಮೂದುಗಳೆಲ್ಲ ಮುಗಿದ ಮೇಲೆ ಸೇವ್ ಆ್ಯಸ್ ಮಾಡಿ ಒಂದು ಎಕ್ಸ್‌ಎಂಎಲ್ ಪ್ರತಿ ತೆಗೆದಿಡಿ. ಆಮೇಲೆ ಮರೆಯದೆ ಡೇಟಾಬೇಸ್ ಪುಸ್ತಕವನ್ನೇ ಮತ್ತೆ ತೆರೆಯಿರಿ. ಇಲ್ಲವಾದರೆ ಮುಂದಿನ ನಮೂದುಗಳೆಲ್ಲ ಆ ಪ್ರತಿಗೆ ಹೋಗುತ್ತವೆ. ಜಿಎಸ್‌ಟಿ ನೋಂದಣಿ ಇದ್ದವರು ಆ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಲೆಕ್ಕಪುಸ್ತಕ ಉಳಿಸಿಕೊಳ್ಳಬೇಕು ಅನ್ನುತ್ತದೆ ಕಾನೂನು. ಅಷ್ಟು ವರ್ಷದ ನಂತರ ಆ ಹಳೆಯ ಸರ್ವರ್ ಇರುತ್ತದೋ ಇಲ್ಲವೋ. ಎಕ್ಸ್‌ಎಂಎಲ್ ಪ್ರತಿಯನ್ನು ಗ್ನೂಕ್ಯಾಶ್ ಇದ್ದ ಯಾವ ಕಂಪ್ಯೂಟರಿನಲ್ಲೂ ತೆರೆಯಬಹುದು. ಡೇಟಾಬೇಸ್ ಬೇಡ ಅನ್ನಿಸಿದ ದಿನ ಪೂರ್ತಿ ಎಕ್ಸ್‌ಎಂಎಲ್‌ಗೆ ವಾಪಸ್ ಬರುವುದೂ ಇದೇ ದಾರಿಯಲ್ಲಿ.

ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್ ಅನ್ನು ನಿಜಕ್ಕೂ ತೆರೆದು ನೋಡಿ. ಡಂಪ್ ಅನ್ನು ಬೇರೆ ಹೆಸರಿನ ಡೇಟಾಬೇಸ್‌ಗೆ ಇಳಿಸಿ, ಗ್ನೂಕ್ಯಾಶ್‌ನಲ್ಲಿ ತೆರೆದು, ಟ್ರಯಲ್ ಬ್ಯಾಲೆನ್ಸ್ ತೆಗೆದು ಆ ದಿನದ ಅಂಕಿಗಳ ಜೊತೆ ತಾಳೆ ಮಾಡಿ. ಗ್ನೂಕ್ಯಾಶ್ ತೆರೆದಿದ್ದಾಗಲೇ ಡಂಪ್ ಆಗಿದ್ದರೆ ಬೀಗದ ಸಾಲು ಕೂಡ ಅದರೊಳಗೆ ಬಂದಿರುತ್ತದೆ, ಹಾಗಾಗಿ ಅದೇ ಎಚ್ಚರಿಕೆ ಕಾಣಬಹುದು. ಈ ನಕಲನ್ನು ಬೇರೆ ಯಾರೂ ತೆರೆದಿರಲು ಸಾಧ್ಯವಿಲ್ಲ, ಆದ್ದರಿಂದ ಇಲ್ಲಿ ಧೈರ್ಯವಾಗಿ ಓಪನ್ ಎನಿವೇ ಒತ್ತಿ. ತಾಳೆ ನೋಡಿ ಮುಗಿದ ಮೇಲೆ ಆ ನಕಲು ಡೇಟಾಬೇಸನ್ನು ಅಳಿಸಿಬಿಡಿ. ಗ್ನೂಕ್ಯಾಶ್ ಕೊನೆಯಲ್ಲಿ ತೆರೆದ ಪುಸ್ತಕವನ್ನೇ ಮುಂದಿನ ಸಲವೂ ತೆರೆಯುತ್ತದೆ. ನಕಲು ಉಳಿದಿದ್ದರೆ ಮರುದಿನದ ನಮೂದು ಅದಕ್ಕೇ ಹೋಗಿ ಸೇರುತ್ತದೆ.